ಬಲಗಾಲಿಗೆ ರಜೆ

ಡ್ಯಾಶ್‌ಬೋರ್ಡಿನಲ್ಲಿ ನಾಲ್ಕು ಕುರುಡು ಗುಂಡಿಗಳಿವೆ.
ಬರೀ ಮುಚ್ಚಳ.
ದುಡ್ಡು ಜಾಸ್ತಿ ಕೊಟ್ಟವರ ಗಾಡಿಯಲ್ಲಿ
ಅದೇ ಜಾಗದಲ್ಲಿ ಏನೋ ಮಿನುಗುತ್ತದಂತೆ.
ನನ್ನದು ಬೇಸ್ ಮಾಡೆಲ್ಲು:
ಗಾಜು ಇಳಿಸಲು ಹಿಡಿಕೆ ತಿರುಗಿಸಬೇಕು,
ಹಾಡು ಬೇಕಾದರೆ ನಾನೇ ಹಾಡಬೇಕು.

ಆರು ವರ್ಷದಿಂದ ಭಟ್ಟಿಯ ಮಂಡಕ್ಕಿ ಸಾಗಿಸುತ್ತೇನೆ,
ದಾವಣಗೆರೆಯಿಂದ ತುಮಕೂರಿಗೆ, ವಾರಕ್ಕೆ ನಾಲ್ಕು ರಾತ್ರಿ.
ತೂಕವೇ ಇಲ್ಲದ ಲೋಡು, ಎತ್ತರ ಮಾತ್ರ ಆನೆಯಷ್ಟು.
ಐಮಂಗಲದ ಬಯಲಲ್ಲಿ ಗಾಳಿ ಅಡ್ಡ ಬಂದರೆ
ಗಾಡಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ, ಮರ್ಯಾದಸ್ಥರ ಹಾಗೆ.
ಇಷ್ಟು ಹಗುರಕ್ಕೆ ಮಂಡಿ ಯಾಕೆ ಸವೆಯಿತೋ.
ಡಾಕ್ಟರು ಕೇಳಿದರು: ಭಾರ ಎತ್ತುತ್ತೀರಾ?
ಮಂಡಕ್ಕಿ, ಅಂದೆ. ನಕ್ಕರು.
ಎತ್ತುವುದಲ್ಲ ಸಾರ್,
ಒತ್ತಿದ್ದನ್ನು ಒತ್ತಿಯೇ ಇಟ್ಟುಕೊಳ್ಳುವುದು,
ಹೆಚ್ಚೂ ಅಲ್ಲ, ಕಮ್ಮಿಯೂ ಅಲ್ಲ, ಅರ್ಧ ಇಂಚು,
ಬೆಳಗಿನ ಜಾವದ ತನಕ.

ಹದಡಿ ರೋಡಿನ ಶೆಡ್ಡಿನಲ್ಲಿ ದಾದಾಪೀರ್
ಸ್ಟೇರಿಂಗು ಬಿಚ್ಚಿ ಮಡಿಲಲ್ಲಿಟ್ಟುಕೊಂಡ.
ಬಾಯಲ್ಲಿ ಟಾರ್ಚು ಕಚ್ಚಿ, ವೈರುಗಳ ಜಡೆ ಬಿಡಿಸುತ್ತ
ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ, “ನೋಡ್ರಿ ಅಣ್ಣ, ಇಲ್ಲೇ ಐತಿ.
ವೈರೂ ಎಳದಾರ, ಮೆದುಳಿನಾಗೂ ಬರದಾರ.
ಗುಂಡಿ ಒಂದು ಕೊಟ್ಟಿಲ್ಲ, ಅಷ್ಟೇ.”

ಆರು ವರ್ಷ ನನ್ನ ಎದೆಯ ಮುಂದೆಯೇ ಇತ್ತು,
ಕರಿ ಟೇಪು ಸುತ್ತಿಕೊಂಡು, ಮಡಚಿಕೊಂಡು.
ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ
ಚಾ ತರಲು ಹೋದೆ.

ಗುಂಡಿ ಗುಜರಿಯದು. ಪಲ್ಟಿಯಾದ ಗಾಡಿಯದು.
ಸಾವಿರದ ಎಂಟುನೂರು.
ಅದರ ಮೇಲಿನ ಅಕ್ಷರ ಯಾರದೋ ಹೆಬ್ಬೆರಳಿಗೆ ಸವೆದಿತ್ತು.
ಆ ಹೆಬ್ಬೆರಳಿನವರು ಈಗೆಲ್ಲಿ ಎಂದು
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಕ್ಲಚ್ಚಿನ ಬುಡಕ್ಕೊಂದು ಸ್ವಿಚ್ಚು ಕೂರಿಸಿದ.
ಲ್ಯಾಪ್‌ಟಾಪು ಹಿಡಿದ ಹುಡುಗ ಬಂದು
ಇಂಜಿನ್ನಿನ ಕಿವಿಯಲ್ಲಿ ಏನೋ ಊದಿ ಹೋದ.

“ಹಿಡ್ಕಳದು ದೊಡ್ಡದಲ್ಲಣ್ಣ,
ಬಿಡ್ತೈತೋ ಇಲ್ಲೋ, ಅದು ನೋಡ್ಬೇಕು.”
ಆನಗೋಡಿನ ತನಕ ಹೋಗಿ ಬರುವಷ್ಟರಲ್ಲಿ
ಇಪ್ಪತ್ತು ಸಲ ಬ್ರೇಕು ಮುಟ್ಟಿಸಿದ.
ಇಪ್ಪತ್ತು ಸಲವೂ ಬಿಟ್ಟುಕೊಟ್ಟಿತು.
ಇಪ್ಪತ್ತೊಂದನೆಯದು ಕ್ಲಚ್ಚು.
ಆಮೇಲೆಯೇ ದುಡ್ಡು ಎಣಿಸಿಕೊಂಡದ್ದು.

ಭರಮಸಾಗರ ದಾಟಿ ಅರವತ್ತೈದಕ್ಕೆ ಒತ್ತಿದೆ.
ಕಾಲು ತೆಗೆದೆ.
ಗಾಡಿ ಹೋಗುತ್ತಲೇ ಇತ್ತು.

ಬಲಗಾಲಿಗೆ ಎಲ್ಲಿ ಕೂರಬೇಕೋ ತಿಳಿಯಲಿಲ್ಲ.
ಬೀಗರ ಮನೆಯಲ್ಲಿ ಕೆಲಸ ಮುಟ್ಟಗೊಡದ ಹೆಂಗಸಿನ ಹಾಗೆ
ಅಲ್ಲಿ ನಿಂತಿತು, ಇಲ್ಲಿ ನಿಂತಿತು,
ಚಪ್ಪಲಿ ಬಿಟ್ಟಿತು, ಮತ್ತೆ ಹಾಕಿಕೊಂಡಿತು.

ಮೊಳಕಾಲ್ಮೂರಿನಲ್ಲಿ ಅಪ್ಪನದೂ ಗುಂಡಿಯೇ.
ಒತ್ತುವುದಲ್ಲ, ಇಳಿಯುವುದು.
ಮಗ್ಗದ ಗುಂಡಿಯಲ್ಲಿ ಸೊಂಟದ ತನಕ ಇಳಿದು ಕೂತವನನ್ನು
ನಾನು ಹೆಚ್ಚಾಗಿ ಅರ್ಧವೇ ನೋಡಿದ್ದು:
ಮೇಲೆ ರೇಷ್ಮೆಯ ಅಂಚು, ಕೆಳಗೆ ಕತ್ತಲಲ್ಲಿ ಕಾಲು.
ಮಗ್ಗಕ್ಕೆ ರಜೆಯಿದ್ದ ಅಮಾವಾಸ್ಯೆಯಲ್ಲೂ
ಊಟದೆಲೆಯ ಮುಂದೆ ಅವನ ಪಾದ ತುಳಿಯುತ್ತಿತ್ತು,
ಎಡ, ಬಲ, ಎಡ.
ನಾವು ಮಕ್ಕಳು ನಗುತ್ತಿದ್ದೆವು.
ಅವನೂ ಬಗ್ಗಿ ನೋಡಿ, ತನ್ನದಲ್ಲವೇನೋ ಎಂಬಂತೆ ನಗುತ್ತಿದ್ದ.

ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ
ಒಟ್ಟಿಗೆ ಹತ್ತಿದವು, ಒಟ್ಟಿಗೆ ಆರಿದವು.
ಆಗಲೇ ನಡು ರಸ್ತೆಗೆ ಒಂದು ನಾಯಿ.
ನಾನು ನಾಯಿ ಎಂದುಕೊಳ್ಳುವ ಮುಂಚೆಯೇ
ಕಾಲು ಬ್ರೇಕಿನ ಮೇಲಿತ್ತು.
ಗುಂಡಿ ಬಿಟ್ಟುಕೊಟ್ಟಿತು. ಇಪ್ಪತ್ತೆರಡು.
ನಾಯಿ ತಿರುಗಿಯೂ ನೋಡದೆ ಪೊದೆಗೆ ಹೋಯಿತು.

ಮತ್ತೆ ಒತ್ತಲಿಲ್ಲ.
ಹಿರಿಯೂರಿನ ಚಾ ಅಂಗಡಿಯ ತನಕ ಬಲಗಾಲೇ ತಂದಿತು,
ಕೇಳದೆ, ಸ್ವಲ್ಪ ಜಂಬದಿಂದ.
ಇಂಜಿನ್ನು ಆರಿಸಿದೆ.
ಇಳಿಯುವ ಮುಂಚೆ
ಕುರುಡು ಗುಂಡಿಗಳಲ್ಲಿ ಒಂದನ್ನು
ಸುಮ್ಮನೆ ಒತ್ತಿ ನೋಡಿದೆ.